ಮಂಚದ ಲೆಕ್ಕದ ಹೋಟೆಲು: ಇಸ್ಸಿಕ್ ಕುಲ್ ದಂಡೆಯ ಸೋವಿಯತ್ ಸ್ಯಾನಟೋರಿಯಂನಲ್ಲಿ ತಂಗುವುದು ಹೇಗೆ

ಕಿರ್ಗಿಜ್‌ಸ್ತಾನದ ಇಸ್ಸಿಕ್ ಕುಲ್ ಸರೋವರದ ದಂಡೆಯಲ್ಲಿರುವ ಹಳೆಯ ಸ್ಯಾನಟೋರಿಯಂಗೆ (ಚಿಕಿತ್ಸೆಯೂ ಇರುವ ವಿಶ್ರಾಂತಿಧಾಮಕ್ಕೆ) ಫೋನ್ ಮಾಡಿ ದರ ಕೇಳಿದರೆ ಸಾಮಾನ್ಯವಾಗಿ ಕೋಣೆಯ ಬಾಡಿಗೆ ಹೇಳುವುದಿಲ್ಲ. ಒಬ್ಬರಿಗೆ ದಿನಕ್ಕೆ ಇಷ್ಟು ಎನ್ನುತ್ತಾರೆ. ಒಂದು ಮಂಚ, ಮೂರು ಹೊತ್ತಿನ ಊಟ, ವೈದ್ಯರ ತಪಾಸಣೆ, ಕೆಲವು ಚಿಕಿತ್ಸೆ ಎಲ್ಲ ಅದರಲ್ಲೇ ಸೇರಿರುತ್ತದೆ. ರಷ್ಯನ್ನರು ಇದನ್ನು ‘ಕೋಯ್ಕೊ-ಮೇಸ್ತ’ ಎನ್ನುತ್ತಾರೆ. ಹಾಗೆಂದರೆ ಮಂಚದ ಜಾಗ. ನಮ್ಮ ಆಸ್ಪತ್ರೆಗಳಲ್ಲಿ ಬೆಡ್ ಎಣಿಸುವಂಥದೇ ಲೆಕ್ಕ.

ಈ ಲೆಕ್ಕ ತಿಳಿಯದೆ ಒಬ್ಬರೇ ಹೋದವರಿಗೆ ಮೊದಲ ರಾತ್ರಿಯೇ ಇರಿಸುಮುರಿಸಾಗಬಹುದು. ಎರಡು ಮಂಚದ ಕೋಣೆಯಲ್ಲಿ ನೀವು ಕೊಂಡಿದ್ದು ಒಂದು ಮಂಚ ಮಾತ್ರ. ಇನ್ನೊಂದನ್ನು ಬೇರೊಬ್ಬರಿಗೆ ಕೊಡುವ ಹಕ್ಕು ಅವರಿಗಿದೆ, ಹೆಂಗಸರಿಗೆ ಹೆಂಗಸರ ಜೊತೆ, ಗಂಡಸರಿಗೆ ಗಂಡಸರ ಜೊತೆ. ಅದು ಬೇಡವಾದರೆ ಕಾಯ್ದಿರಿಸುವಾಗಲೇ ‘ಬೆಸ್ ಪೊದ್ಸೆಲೇನಿಯಾ’ (ಜೊತೆಗೆ ಇನ್ನೊಬ್ಬರನ್ನು ಹಾಕದೆ) ಎಂದು ಹೇಳಿ, ಖಾಲಿ ಮಂಚಕ್ಕೆ ಎಷ್ಟು ಕಟ್ಟಬೇಕೆಂದು ಕೇಳಿ ಬರೆಸಿಕೊಳ್ಳಬೇಕು.

ಇಸ್ಸಿಕ್ ಕುಲ್ ಇರುವುದು ಕಿರ್ಗಿಜ್‌ಸ್ತಾನದ ಪೂರ್ವಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,607 ಮೀಟರ್ ಎತ್ತರದಲ್ಲಿ. ಉದ್ದ ಸುಮಾರು 180 ಕಿ.ಮೀ., ಅಗಲ ಹೆಚ್ಚೆಂದರೆ 60 ಕಿ.ಮೀ., ಅತಿ ಆಳದ ಜಾಗ 668 ಮೀಟರ್. ಉತ್ತರಕ್ಕೆ ಕುಂಗೈ ಅಲಾ ತೂ, ದಕ್ಷಿಣಕ್ಕೆ ತೆರ್ಸ್ಕೈ ಅಲಾ ತೂ ಪರ್ವತಸಾಲುಗಳು. ಒಳಗೆ ಹರಿದು ಬರುವ ಹೊಳೆಗಳು ಅನೇಕ, ಹೊರಗೆ ಹರಿದು ಹೋಗುವುದು ಒಂದೂ ಇಲ್ಲ. ಹಾಗಾಗಿ ನೀರು ತುಸು ಉಪ್ಪು: ಲೀಟರಿಗೆ ಸುಮಾರು 6 ಗ್ರಾಂ, ಸಮುದ್ರದ್ದರ ಆರರಲ್ಲಿ ಒಂದು ಪಾಲು. ಈ ಉಪ್ಪು, ಈ ಆಳ ಸೇರಿ ಚಳಿಗಾಲದಲ್ಲೂ ಸರೋವರ ಹೆಪ್ಪುಗಟ್ಟುವುದಿಲ್ಲ. ಕಿರ್ಗಿಜ್ ಭಾಷೆಯಲ್ಲಿ ಹೆಸರಿನ ಅರ್ಥವೇ ‘ಬಿಸಿ ಸರೋವರ’. ರಾಜಧಾನಿ ಬಿಷ್ಕೆಕ್‌ನಿಂದ ಬೂಮ್ ಕಣಿವೆ, ಬಾಲಿಕ್ಚಿ ದಾಟಿ ಉತ್ತರ ದಂಡೆಯ ಚೋಲ್ಪಾನ್ ಅತಾಗೆ ಸುಮಾರು 250 ಕಿ.ಮೀ. ‘ಮಾರ್ಶ್ರುತ್ಕ’ ಎಂಬ ಮಿನಿಬಸ್ಸಿನಲ್ಲಿ ನಾಲ್ಕೈದು ಗಂಟೆಯ ದಾರಿ. ಬಿಷ್ಕೆಕ್‌ನಲ್ಲಿ ಎಂಬಿಬಿಎಸ್ ಓದುವ ಭಾರತೀಯರಲ್ಲಿ ಕರ್ನಾಟಕದ ಮಕ್ಕಳೂ ಇದ್ದಾರೆ. ಅವರನ್ನು ನೋಡಲು ಹೋಗುವ ತಂದೆತಾಯಿಯರಿಗೆ ಈ ದಂಡೆ ಸಹಜವಾದ ಎರಡನೇ ನಿಲುಗಡೆ. ಅಷ್ಟಿಷ್ಟು ರಷ್ಯನ್ ಬರುವ ಮಗನೋ ಮಗಳೋ ಜೊತೆಗಿದ್ದರೆ ಅರ್ಧ ಕಷ್ಟ ತಪ್ಪಿದಂತೆ, ಏಕೆಂದರೆ ಇಂಥ ಕಡೆ ಇಂಗ್ಲಿಷ್ ನಡೆಯುವುದು ಅಪರೂಪ.

ಇಂಗ್ಲಿಷ್ ಏಕೆ ಇಲ್ಲ, ಜೋಡಿಮಂಚ ಏಕೆ ಇಲ್ಲ, ಕೋಣೆ ಏಕೆ ಅಷ್ಟು ಚಿಕ್ಕದು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಆ ಕಟ್ಟಡ ಯಾರಿಗಾಗಿ ಎದ್ದಿತು ಎಂಬುದರಲ್ಲಿದೆ. 1917ರ ರಷ್ಯನ್ ಕ್ರಾಂತಿಯಾದ ಹೊಸತರಲ್ಲೇ, 1919ರಲ್ಲಿ, ಸೋವಿಯತ್ ಸರಕಾರ ಚಿಕಿತ್ಸಾ ತಾಣಗಳನ್ನು ರಾಷ್ಟ್ರೀಕರಿಸಿತು. 1922ರ ಕಾರ್ಮಿಕ ಸಂಹಿತೆ ವರ್ಷಕ್ಕೆ ಕನಿಷ್ಠ ಎರಡು ವಾರ ಸಂಬಳದ ರಜೆ ಕೊಟ್ಟಿತು. 1936ರ ಸಂವಿಧಾನದ 119ನೇ ವಿಧಿ ವಿಶ್ರಾಂತಿಯನ್ನೇ ಹಕ್ಕೆಂದು ಬರೆಯಿತು. ಆ ವಿಶ್ರಾಂತಿಯನ್ನು ಹಂಚುವ ಚೀಟಿಗೆ ‘ಪುತ್ಯೋವ್ಕ’ ಎಂದು ಹೆಸರು. ಕಾರ್ಖಾನೆಯ ಕಾರ್ಮಿಕ ಸಂಘ ಅದನ್ನು ಕೊಡುತ್ತಿತ್ತು, ಬೆಲೆಯ ದೊಡ್ಡ ಪಾಲನ್ನೂ ಅದೇ ಭರಿಸುತ್ತಿತ್ತು. ಚೀಟಿ ಸಿಗುತ್ತಿದ್ದುದು ಒಬ್ಬ ಕಾರ್ಮಿಕನಿಗೆ ಅಥವಾ ಕಾರ್ಮಿಕಳಿಗೆ, ಇಡೀ ಕುಟುಂಬಕ್ಕೆ ಸಿಗುವುದು ವಿರಳ. ಗಂಡ ಒಂದು ಊರಿಗೆ, ಹೆಂಡತಿ ಇನ್ನೊಂದು ಊರಿಗೆ ವಿಶ್ರಾಂತಿಗೆ ಹೋಗುವುದು ಮಾಮೂಲಾಗಿತ್ತು. ಒಂಟಿ ಮಂಚಗಳು ಬಂದದ್ದು ಹೀಗೆ. ಇನ್ನು ಭಾಷೆ: ನೌಕಾಪಡೆ ಇಲ್ಲಿ ಟಾರ್ಪಿಡೊ ಪರೀಕ್ಷೆ ನಡೆಸುತ್ತಿದ್ದುದರಿಂದ ಸೋವಿಯತ್ ಕಾಲದಲ್ಲಿ ಈ ಸರೋವರ ವಿದೇಶಿಯರಿಗೆ ಮುಚ್ಚಿತ್ತು. ಹೊರಗಿನವರು ಬರುತ್ತಾರೆಂಬ ಯೋಚನೆಯೇ ಆ ವ್ಯವಸ್ಥೆಯಲ್ಲಿ ಇರಲಿಲ್ಲ.

ಹಣವೆಲ್ಲ ಸುರಿದದ್ದು ಎಲ್ಲರೂ ಕೂಡುವ ಜಾಗಗಳಿಗೆ. ಅಮೃತಶಿಲೆಯ ಮೊಗಸಾಲೆ, ಬಣ್ಣದ ಗಾಜು, ಮೊಸಾಯಿಕ್ ಗೋಡೆ, ನೂರಾರು ಮಂದಿ ಒಟ್ಟಿಗೆ ಕೂತು ಉಣ್ಣುವ ಭೋಜನಶಾಲೆ, ಸಿನಿಮಾ ಸಭಾಂಗಣ, ಹಲವಾರು ಎಕರೆಯ ತೋಪು, ಚಿಕಿತ್ಸಾ ವಿಭಾಗ. ಕೋಣೆ ಇದ್ದದ್ದು ಮಲಗಲು ಮಾತ್ರ. ಉತ್ತರ ದಂಡೆಯ ‘ಅವ್ರೋರಾ’ ಇದಕ್ಕೆ ಚೆನ್ನಾದ ಉದಾಹರಣೆ. 1970ರ ದಶಕದ ಕೊನೆಯಲ್ಲಿ ಎದ್ದ, ಹಡಗಿನ ಆಕಾರದ ಆ ಕಟ್ಟಡಕ್ಕೆ ಕ್ರಾಂತಿಯ ಹೆಸರಾಂತ ಯುದ್ಧನೌಕೆಯ ಹೆಸರಿದೆ. ದಕ್ಷಿಣ ದಂಡೆಯ ತಾಮ್ಗಾ ಸ್ಯಾನಟೋರಿಯಂ ಇದಕ್ಕಿಂತ ಹಳೆಯದು, ಎರಡನೇ ಮಹಾಯುದ್ಧದ ನಂತರ ಜಪಾನಿ ಯುದ್ಧಕೈದಿಗಳ ದುಡಿಮೆಯಲ್ಲಿ ಕಟ್ಟಿದ್ದು. ಇಂಥ ಕಡೆ ಕೋಣೆಯೊಳಗೇ ಕೂತವರಿಗೆ ಕಾಣುವುದು ಬಣ್ಣ ಸುಲಿದ ಗೋಡೆ. ದಿನವನ್ನು ತೋಪು, ದಂಡೆ, ಮೊಗಸಾಲೆಗಳಲ್ಲಿ ಕಳೆಯುವವರಿಗೆ ಅದೇ ಜಾಗ ಚೆಲುವಾಗಿ ಕಾಣುತ್ತದೆ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಪುತ್ಯೋವ್ಕಗಳೂ ನಿಂತವು, ದುರಸ್ತಿಯ ಹಣವೂ ನಿಂತಿತು. ನೆರೆಯ ಕಝಕಿಸ್ತಾನ, ಉಜ್ಬೇಕಿಸ್ತಾನದ ಸಂಸ್ಥೆಗಳು ಕಟ್ಟಿದ್ದ ವಿಶ್ರಾಂತಿಧಾಮಗಳು ರಾತ್ರೋರಾತ್ರಿ ಪರದೇಶದ ನೆಲದ ಆಸ್ತಿಗಳಾದವು, ಒಡೆತನದ ತಗಾದೆ ವರ್ಷಗಟ್ಟಲೆ ಎಳೆಯಿತು. ಒಡೆಯ ಯಾರೆಂದೇ ತೀರ್ಮಾನವಾಗದ ಕಟ್ಟಡದ ಸೂರಿಗೆ ಹಣ ಹಾಕುವವರು ಯಾರು?

ಎಲ್ಲಿ ಇಳಿದುಕೊಳ್ಳುವುದು ಎಂದು ನೋಡುವಾಗ ಎರಡು ಪದಗಳ ಅಂತರ ತಿಳಿದಿರಲಿ. ‘ಸ್ಯಾನಟೋರಿಯಂ’ ಎಂದರೆ ವೈದ್ಯರು, ಚಿಕಿತ್ಸೆ, ಪಥ್ಯದ ಊಟ ಇರುವಂಥದು. ಸಾಮಾನ್ಯವಾಗಿ ವರ್ಷವಿಡೀ ತೆರೆದಿರುತ್ತದೆ. ‘ಪಾನ್ಸಿಯೊನಾತ್’ ಎಂದರೆ ಊಟ, ಮಂಚ, ದಂಡೆ ಅಷ್ಟೇ. ಹೆಚ್ಚಿನವು ಜೂನ್ ಮಧ್ಯದಿಂದ ಸೆಪ್ಟೆಂಬರ್ ಆರಂಭದವರೆಗೆ ಮಾತ್ರ. ಜುಲೈ ಎರಡನೇ ವಾರದಿಂದ ಆಗಸ್ಟ್ 20ರವರೆಗೆ ದಂಡೆ ತುಂಬಿ ತುಳುಕುತ್ತದೆ. ಜೂನ್ ಕೊನೆ, ಇಲ್ಲವೇ ಆಗಸ್ಟ್ ಕೊನೆಯ ವಾರ ಒಳ್ಳೆಯದು: ದರ ಇಳಿದಿರುತ್ತದೆ, ಅಡುಗೆಮನೆಯೂ ಬಾಯ್ಲರ್ ಮನೆಯೂ ಪೂರ್ತಿ ನಡೆಯುತ್ತಿರುತ್ತವೆ. ಚಳಿಗಾಲದಲ್ಲಿ ಹೋಗುವುದಾದರೆ ಯಾವ ‘ಕೋರ್ಪುಸ್’ (ಬ್ಲಾಕ್) ತೆರೆದಿದೆ, ಅದಕ್ಕೆ ಹೀಟಿಂಗ್ ಹಚ್ಚಿದ್ದಾರೆಯೇ ಎಂದು ವಿಚಾರಿಸಿಯೇ ಹೊರಡಿ.

ಕೋಣೆ ಕೊಡುವ ಮೊದಲು ತೋರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಎರಡನೇ ಅಥವಾ ಮೂರನೇ ಮಹಡಿ ಕೇಳಿ. ರಷ್ಯನ್ ಲೆಕ್ಕದಲ್ಲಿ ನೆಲಮಹಡಿಯೇ ಒಂದನೆಯದು, ಆದ್ದರಿಂದ ಅವರ ಮೂರು ನಮ್ಮ ಎರಡು. ತೀರಾ ಮೇಲಿನ ಮಹಡಿ ಬೇಡ, ಏಕೆಂದರೆ ಸೂರು ಚಪ್ಪಟೆ, ಅದರ ಮೇಲೆ ಹಾಸಿದ್ದು ‘ರೂಬೆರಾಯ್ದ್’ ಎಂಬ ಡಾಂಬರು ಹಾಳೆ. ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಿಸಬೇಕಾದ ಅದು ಬಹಳ ಕಡೆ ತೇಪೆಗಳಲ್ಲೇ ಬದುಕಿದೆ. ಬೇಸಿಗೆಯಲ್ಲಿ ಕಾದು ಕುದಿಯುತ್ತದೆ, ಮಳೆಯಲ್ಲಿ ಸೋರುತ್ತದೆ. ಚಾವಣಿಯ ಮೂಲೆಯಲ್ಲಿ ಕಂದು ಬಳೆಯಂತಹ ಕಲೆ ಇದ್ದರೆ ಬೇರೆ ಕೋಣೆ ಕೇಳಿ. ಉತ್ತರ ದಂಡೆಯಲ್ಲಿ ಸರೋವರ ಇರುವುದು ದಕ್ಷಿಣಕ್ಕೆ, ಹಾಗಾಗಿ ನೀರು ಕಾಣುವ ಕೋಣೆಗೇ ಬಿಸಿಲು. ಜುಲೈನಲ್ಲಿ ಬೆಟ್ಟದ ಕಡೆಯ ಕೋಣೆ ತಂಪು, ಅಕ್ಟೋಬರಿನಲ್ಲಿ ಸರೋವರದ ಕಡೆಯದೇ ಬೆಚ್ಚಗೆ.

ಬಾಲ್ಕನಿಗೆ ಹೋದಾಗ ಕಂಬಿಗೆ ಒರಗುವ ಮೊದಲು ಅದರ ಬುಡ ನೋಡಿ. ಕಾಂಕ್ರೀಟಿನ ಬಿರುಕಿಗೆ ಇಳಿದ ನೀರು ಚಳಿಯಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಅಂಚು ಉದುರುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಇನ್ನಷ್ಟು ಉದುರಿಸುತ್ತದೆ. ಕಂಬಿಯ ಕಾಲು ಕೂತಿರುವುದು ಆ ಅಂಚಿನಲ್ಲೇ. ಅಲ್ಲಾಡಿದರೆ ಆ ಬಾಗಿಲು ಮುಚ್ಚಿಬಿಡಿ, ಮಕ್ಕಳಿದ್ದರಂತೂ ಕೋಣೆಯನ್ನೇ ಬದಲಿಸಿ. ಮಹಡಿಯ ತುದಿಯ ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿದ್ದಾರೋ ತೆರೆದಿದೆಯೋ ಎಂಬುದನ್ನೂ ಹಗಲಿನಲ್ಲೇ ನೋಡಿಟ್ಟುಕೊಳ್ಳಿ. ಬೆಂಕಿಯ ಹೊತ್ತಿನಲ್ಲಿ ಲಿಫ್ಟ್ ನೆಚ್ಚುವಂತಿಲ್ಲ.

ಬಿಸಿನೀರಿನ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದೂರುಗಳು ಹೆಚ್ಚಾಗಿ ಅದರದೇ. ಪ್ರತಿ ಬಚ್ಚಲಿಗೆ ಒಂದು ಗೀಸರ್ ಎಂಬ ವ್ಯವಸ್ಥೆ ಅಲ್ಲಿ ಮೊದಲಿಗೆ ಇರಲಿಲ್ಲ. ದೂರದ ‘ಕೊತೇಲ್ನಯಾ’ (ಬಾಯ್ಲರ್ ಮನೆ) ಇಡೀ ಆವರಣಕ್ಕೆ ನೀರು ಕಾಯಿಸುತ್ತದೆ. ನೆಲದಡಿಯ ಕೊಳವೆಯಲ್ಲಿ ಅದು ಪ್ರತಿ ಬ್ಲಾಕಿಗೆ ಬಂದು, ಒಂದರ ಮೇಲೊಂದು ಇರುವ ಬಚ್ಚಲುಗಳ ಸಾಲಿಗೆ ಒಂದೊಂದು ನೇರ ಕೊಳವೆಯಲ್ಲಿ ಮೇಲೇರುತ್ತದೆ. ಎಲ್ಲ ಕೋಣೆ ತುಂಬಿ, ಎಲ್ಲರೂ ಒಂದೇ ಹೊತ್ತಿಗೆ ಸ್ನಾನ ಮಾಡುತ್ತಿದ್ದಾಗ ನೀರು ಸದಾ ಓಡುತ್ತಿತ್ತು, ಬಿಸಿಯಾಗಿಯೇ ಬರುತ್ತಿತ್ತು. ಈಗ ಹತ್ತು ಕೋಣೆಯ ಸಾಲಿನಲ್ಲಿ ಇಬ್ಬರಿದ್ದರೆ ನೀರು ಕೊಳವೆಯಲ್ಲೇ ನಿಂತು ತಣ್ಣಗಾಗುತ್ತದೆ. ನಲ್ಲಿ ತಿರುಗಿಸಿ ಐದು ನಿಮಿಷವಾದರೂ ತಣ್ಣೀರೇ ಬಂದರೆ ಬಾಯ್ಲರ್ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ಬಚ್ಚಲ ಗೋಡೆಯಲ್ಲಿ ಹಾವಿನಂತೆ ಬಾಗಿದ ಟವೆಲ್ ಒಣಗಿಸುವ ಕೊಳವೆ ಇರುತ್ತದೆ. ಬಹುಪಾಲು ಕಟ್ಟಡಗಳಲ್ಲಿ ಅದು ಬಿಸಿನೀರಿನ ದಾರಿಯಲ್ಲೇ ಇರುವುದರಿಂದ ಮೊದಲು ಅದನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀರು ನಿಮ್ಮ ಮಹಡಿಗೆ ಬಂದಿದೆ, ನಲ್ಲಿ ಬಿಟ್ಟು ಕಾಯಿರಿ. ತಣ್ಣಗಿದ್ದರೆ ಕಾದು ಫಲವಿಲ್ಲ, ಮಹಡಿಯ ಮೇಲ್ವಿಚಾರಕಿಯನ್ನು (‘ದೆಜೂರ್ನಯಾ’) ಬಿಸಿನೀರಿನ ಹೊತ್ತು ಕೇಳಿ. ಬೆಳಗಿನ ಮೊದಲ ನೀರು ಕಂದಾಗಿ ಬಂದರೆ ಅದು ಉಕ್ಕಿನ ಕೊಳವೆಯಲ್ಲಿ ರಾತ್ರಿಯಿಡೀ ನಿಂತ ನೀರಿನ ತುಕ್ಕು. ಎರಡು ಮೂರು ನಿಮಿಷದಲ್ಲಿ ತಿಳಿಯಾಗುತ್ತದೆ. ಅದನ್ನು ಕುಡಿಯಬೇಡಿ, ಅದರಲ್ಲಿ ಬಿಳಿ ಬಟ್ಟೆ ನೆನೆಸಬೇಡಿ.

ವಿದ್ಯುತ್ 220 ವೋಲ್ಟ್, 50 ಹರ್ಟ್ಸ್, ಹೆಚ್ಚುಕಡಿಮೆ ನಮ್ಮಂತೆಯೇ. ತೊಂದರೆ ಇರುವುದು ಸಾಕೆಟ್ಟಿನಲ್ಲಿ. ಬದಲಿಸದೆ ಉಳಿದ ಸೋವಿಯತ್ ಸಾಕೆಟ್ಟಿನ ತೂತು 4 ಮಿ.ಮೀ. ಕಡ್ಡಿಗೆ ಮಾಡಿದ್ದು. ನಮ್ಮ ಫೋನ್ ಚಾರ್ಜರಿನ ತೆಳು ಎರಡು ಕಡ್ಡಿಯ ಪ್ಲಗ್ ಅದರಲ್ಲಿ ಸರಾಗವಾಗಿ ಕೂರುತ್ತದೆ. ಯುರೋಪಿನ 4.8 ಮಿ.ಮೀ. ದಪ್ಪ ಕಡ್ಡಿ, ಅಂದರೆ ಹೆಚ್ಚಿನ ಟ್ರಾವೆಲ್ ಅಡಾಪ್ಟರುಗಳ ಕಡ್ಡಿ, ಒಳಗೆ ಹೋಗುವುದೇ ಇಲ್ಲ. ಒತ್ತಿ ತುರುಕಿದರೆ ಹಿಡಿತದ ತಗಡು ಅಗಲವಾಗಿ ಆಮೇಲೆ ಯಾವ ಪ್ಲಗ್ಗೂ ಭದ್ರವಾಗಿ ನಿಲ್ಲದು. ಆ ಸಾಕೆಟ್ಟುಗಳ ಮಿತಿ ಬಹುತೇಕ 6 ಆಂಪಿಯರ್, ಅರ್ತ್ ಇಲ್ಲ. 2,000 ವ್ಯಾಟಿನ ಕೆಟಲ್ ಎಳೆಯುವುದು 9 ಆಂಪಿಯರಿಗೂ ಹೆಚ್ಚು. ಹಿಂದಿರುವ ತಂತಿಯೂ ಆಗಾಗ ಅಲ್ಯುಮಿನಿಯಂ: ಕಾದಾಗ ಹಿಗ್ಗಿ, ಆರಿದಾಗ ಕುಗ್ಗಿ ಸ್ಕ್ರೂ ಕೆಳಗೆ ಸಡಿಲವಾಗುತ್ತದೆ, ಸಡಿಲವಾದ ಜಾಗ ಇನ್ನಷ್ಟು ಕಾಯುತ್ತದೆ. ಆದ್ದರಿಂದ ಕೆಟಲ್, ಇಸ್ತ್ರಿಪೆಟ್ಟಿಗೆ, ಇಮ್ಮರ್ಷನ್ ರಾಡ್ ಬೇಡ. ‘ಕಿಪ್ಯಾತೋಕ್’ (ಕುದಿಯುವ ನೀರು) ಎಂದು ಕೇಳಿದರೆ ಮಹಡಿಯ ಮೇಲ್ವಿಚಾರಕಿ ಅಥವಾ ಭೋಜನಶಾಲೆಯವರು ಕೊಡುತ್ತಾರೆ. ಒಂದು ಲೀಟರಿನ ಫ್ಲಾಸ್ಕ್ ಒಯ್ದರೆ ಸಾಕು.

ಊಟದ ವಿಚಾರದಲ್ಲಿ ಸಸ್ಯಾಹಾರಿಗಳು ಮುಂಚಿತವಾಗಿ ಯೋಚಿಸಬೇಕು. ಬೆಳಗಿನ ತಿಂಡಿ ಎಂಟೂವರೆಯ ಆಸುಪಾಸು, ಮಧ್ಯಾಹ್ನದ್ದು ಒಂದಕ್ಕೆ, ರಾತ್ರಿಯದು ಆರಕ್ಕೆ, ಮಲಗುವ ಮುನ್ನ ಒಂದು ಲೋಟ ಕೆಫೀರ್ ಎಂಬ ಹುಳಿ ಹಾಲು. ಅರ್ಧ ಗಂಟೆ ತಡವಾದರೆ ಪಾತ್ರೆ ಎತ್ತಿರುತ್ತಾರೆ. ಮೊದಲ ದಿನ ನಿಮಗೆ ಒಂದು ಮೇಜು ಗೊತ್ತುಮಾಡುತ್ತಾರೆ, ಕೊನೆಯವರೆಗೂ ಅದೇ. ‘ನಿಮ್ಮದು ಎಷ್ಟನೇ ಸ್ತೋಲ್?’ ಎಂಬ ಪ್ರಶ್ನೆ ಬಂದರೆ, ಸ್ತೋಲ್ ಎಂದರೆ ಮೇಜೇ ಆದರೂ, ಅದು ಮೇಜಿನ ಸಂಖ್ಯೆಯಲ್ಲ, ಪಥ್ಯದ ಸಂಖ್ಯೆ. ಸೋವಿಯತ್ ವೈದ್ಯ ಮನುಯಿಲ್ ಪೆವ್ಜ್‌ನರ್ ರೋಗಕ್ಕೊಂದರಂತೆ 15 ಪಥ್ಯಗಳನ್ನು ರೂಪಿಸಿದ್ದರು. 5 ಎಂದರೆ ಪಿತ್ತಕೋಶ, ಯಕೃತ್ತಿನ ತೊಂದರೆಗೆ, ಕರಿದದ್ದೂ ಖಾರವೂ ಇಲ್ಲ. 9 ಸಕ್ಕರೆ ಕಾಯಿಲೆಗೆ. 15 ಎಲ್ಲ ತಿನ್ನುವವರಿಗೆ. ಸಸ್ಯಾಹಾರ ಎಂಬ ಸಂಖ್ಯೆ ಇಲ್ಲ, ಹಾಗಾಗಿ ಬಾಯಿಬಿಟ್ಟು ಹೇಳಬೇಕು: ‘ಬೆಜ್ ಮ್ಯಾಸ, ಬೆಜ್ ರೀಬಿ, ಬೆಜ್ ಬುಲ್ಯೋನಾ.’ ಮಾಂಸ ಬೇಡ, ಮೀನು ಬೇಡ, ಮಾಂಸ ಬೇಯಿಸಿದ ಸಾರೂ ಬೇಡ. ಈ ಮೂರನೆಯದನ್ನು ಬಿಟ್ಟರೆ ತುಂಡು ತೆಗೆದ ಸೂಪನ್ನೇ ತಂದಿಡುತ್ತಾರೆ. ಅವರ ಲೆಕ್ಕದಲ್ಲಿ ಅದು ಮಾಂಸವಿಲ್ಲದ್ದು, ಅದರಲ್ಲಿ ಮೋಸವಿಲ್ಲ.

ಧೈರ್ಯವಾಗಿ ತಿನ್ನಬಹುದಾದವು: ‘ಗ್ರೆಚ್ಕ’ (ಉತ್ತರ ಭಾರತದವರು ಕುಟ್ಟು ಎನ್ನುವ ಕಾಳು, ಅನ್ನದಂತೆ ಬೇಯಿಸಿದ್ದು), ಬೆಣ್ಣೆಯನ್ನೂ ಹಾಲನ್ನೂ ಹಾಕಿ ಕಿವುಚಿದ ಆಲೂಗಡ್ಡೆ, ‘ವಿನಿಗ್ರೇತ್’ ಎಂಬ ಬೀಟ್‌ರೂಟ್ ಸಲಾಡ್, ತೆಳು ಪಾಯಸದಂತಿರುವ ಅಕ್ಕಿ ಕಾಶಾ, ‘ತ್ವೋರೋಗ್’ ಎಂಬ ಮೃದು ಪನೀರಿನಂಥದು, ಒಣಹಣ್ಣು ಕುದಿಸಿದ ಕಂಪೋತ್. ತ್ವೋರೋಗಿನಿಂದ ಓವನ್ನಿನಲ್ಲಿ ಮಾಡುವ ‘ಜಪೆಕಾಂಕ’ದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ‘ಕಿಸೇಲ್’ ಎಂಬ ಹಣ್ಣಿನ ಮಂದ ಪಾನೀಯ ಗಟ್ಟಿಯಾಗುವುದು ಆಲೂಗಡ್ಡೆಯ ಹಿಟ್ಟಿನಿಂದ, ‘ಝೆಲೇ’ (ಜೆಲ್ಲಿ) ಗಟ್ಟಿಯಾಗುವುದು ಪ್ರಾಣಿಮೂಲದ ಜೆಲಾಟಿನ್‌ನಿಂದ. ಬಟಾಣಿ ಸೂಪ್ ನೋಡಿ ಹಿಗ್ಗಬೇಡಿ, ಅದರಲ್ಲಿ ಹೊಗೆಯಾಡಿಸಿದ ಮಾಂಸ ಹಾಕುವುದು ವಾಡಿಕೆ. ನಾಲ್ಕನೇ ದಿನಕ್ಕೆ ನಾಲಿಗೆ ಖಾರ ಬೇಡುತ್ತದೆ. ಕಾಲು ಕಿಲೋ ಚಟ್ನಿಪುಡಿ ಒಯ್ದವರಿಗೆ ಗ್ರೆಚ್ಕ, ಬೆಣ್ಣೆ, ಚಟ್ನಿಪುಡಿ ಕಲಸಿದ ತುತ್ತು ನಿಜವಾಗಿಯೂ ರುಚಿಸುತ್ತದೆ.

ಚಿಕಿತ್ಸೆ ಬೇಕಿದ್ದವರು ಊರಿನಿಂದಲೇ ತಮ್ಮ ಕಾಯಿಲೆ, ಔಷಧಿಗಳ ಪಟ್ಟಿ, ಇತ್ತೀಚಿನ ಇಸಿಜಿ, ರಕ್ತಪರೀಕ್ಷೆಯ ವರದಿ ತರಬೇಕು. ಮೊದಲ ದಿನ ವೈದ್ಯರು ನೋಡಿ ಒಂದು ಪುಟ್ಟ ಪುಸ್ತಕದಲ್ಲಿ ಯಾವ ಚಿಕಿತ್ಸೆ, ಯಾವ ಕೊಠಡಿ, ಎಷ್ಟು ಗಂಟೆಗೆ ಎಂದು ಬರೆದುಕೊಡುತ್ತಾರೆ. ಅದು ಕಳೆದರೆ ಯಾವ ಬಾಗಿಲೂ ತೆರೆಯದು. ಜೊತೆಗೆ ರಬ್ಬರ್ ಚಪ್ಪಲಿ, ಒಂದು ಹಳೆಯ ದುಪ್ಪಟಿ, ಟವೆಲ್ ಇರಲಿ.

ಇಲ್ಲಿನ ಮುಖ್ಯ ಚಿಕಿತ್ಸೆ ಮಣ್ಣಿನದು. ಗಂಧಕದ ವಾಸನೆಯ ಕಪ್ಪು ಕೆಸರನ್ನು 38ರಿಂದ 42 ಡಿಗ್ರಿಗೆ ಕಾಯಿಸಿ ಕೀಲು, ಸೊಂಟಕ್ಕೆ ದಪ್ಪಗೆ ಹಚ್ಚಿ ಹೊದಿಸಿ 15–20 ನಿಮಿಷ ಮಲಗಿಸುತ್ತಾರೆ. ದಿನ ಬಿಟ್ಟು ದಿನ, ಎಂಟು ಹತ್ತು ಸಲ. ಹತ್ತು ಸಲವೆಂದರೆ 19 ದಿನ ಹಿಡಿಯಿತು. ಬಂದ ದಿನ, ತಪಾಸಣೆ, ಹವೆಗೆ ಒಗ್ಗುವ ಒಂದೆರಡು ದಿನ, ಹೊರಡುವ ದಿನ ಸೇರಿಸಿದರೆ ಹಳೆಯ ಪುತ್ಯೋವ್ಕ 24 ದಿನದ್ದಾಗಿದ್ದು ಏಕೆಂದು ಹೊಳೆಯುತ್ತದೆ. ಮೂರು ದಿನಕ್ಕೆ ಹೋದವರಿಗೆ ದಕ್ಕುವುದು ರುಚಿ ಮಾತ್ರ. ಖನಿಜದ ನೀರಿನ ಸ್ನಾನ 36–37 ಡಿಗ್ರಿಯಲ್ಲಿ, 10–15 ನಿಮಿಷ. ಶಾರ್ಕೊ ಷವರ್ ಎಂದರೆ ಮೂರು ಮೀಟರಿಗೂ ಹೆಚ್ಚು ದೂರದಿಂದ ಮೈಗೆ ಬಿಡುವ ರಭಸದ ನೀರಿನ ಧಾರೆ. ಯಾವುದನ್ನೂ ಬರಿಹೊಟ್ಟೆಯಲ್ಲಿ ಮಾಡಿಸಿಕೊಳ್ಳಬಾರದು, ಉಂಡ ಕೂಡಲೇ ಸಹ ಆಗದು. ಮುಗಿದ ಮೇಲೆ ಅರ್ಧ ಗಂಟೆ ಮಲಗಬೇಕು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ‘ಶಾಂತ ಹೊತ್ತು’ ಇರುವುದು ಇದಕ್ಕೇ, ಆಗ ಮೊಗಸಾಲೆಯಲ್ಲಿ ಜೋರಾಗಿ ಮಾತಾಡಿದರೆ ಗದರುತ್ತಾರೆ.

ಇಲ್ಲಿ ಒಂದು ಮಾತು ಖಡಾಖಂಡಿತ. ಬಿಸಿ ಮಣ್ಣು ಕೀಲುನೋವಿಗೆ ಹಿತ ಕೊಡಬಹುದು, ಆದರೆ ಈ ಪಟ್ಟಿಯ ಎಲ್ಲ ಚಿಕಿತ್ಸೆಗಳಿಗೂ ಇಂದಿನ ಅಳತೆಯ ಗಟ್ಟಿ ಪುರಾವೆ ಇಲ್ಲ. ಬಿಪಿ, ಸಕ್ಕರೆಯ ಮಾತ್ರೆಯನ್ನು ಯಾರು ಹೇಳಿದರೂ ಅಲ್ಲಿ ನಿಲ್ಲಿಸಬೇಡಿ. ಗರ್ಭಿಣಿಯರು, ಹೃದಯ ದುರ್ಬಲವಾದವರು, ಕ್ಯಾನ್ಸರ್ ಇರುವವರು, ಜ್ವರವಿರುವವರು ಬಿಸಿ ಮಣ್ಣಿನಿಂದ ದೂರವಿರಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಗ್ಗಿದವರು ಕಾಲಿಗೆ ಹಚ್ಚಿಸಿಕೊಳ್ಳಲೇಬಾರದು, ಸುಟ್ಟದ್ದೂ ಗೊತ್ತಾಗುವುದಿಲ್ಲ. ಸರೋವರದ ಪೂರ್ವಕ್ಕಿರುವ ಕರಕೋಲ್ ಪಟ್ಟಣದ ಸಮೀಪದ ಜೆತಿ ಒಗೂಜ್‌ನಲ್ಲಿ ರೇಡಾನ್ ನೀರಿನ ಸ್ನಾನವಿದೆ. ಅದು ವಿಕಿರಣ ಇರುವ ನೀರು, ವೈದ್ಯರು ಬರೆದುಕೊಡದೆ ಕುತೂಹಲಕ್ಕೆಂದು ಇಳಿಯುವಂಥದಲ್ಲ.

ಸರೋವರಕ್ಕೆ ಇಳಿಯಲು ಜುಲೈ, ಆಗಸ್ಟ್ ಸರಿ. ದಡದ ನೀರು 20 ಡಿಗ್ರಿಯ ಆಸುಪಾಸು ಇರುತ್ತದೆ. ಬಿಸಿಲು ಮಾತ್ರ ಮೋಸಗಾರ, ಆ ಎತ್ತರದಲ್ಲಿ ತಂಪು ಗಾಳಿ ಬೀಸುವಾಗಲೇ ಚರ್ಮ ಸುಡುತ್ತದೆ. ಪಶ್ಚಿಮದಿಂದ ಬೀಸುವ ಜೋರು ಗಾಳಿಗೆ ‘ಉಲಾನ್’, ಪೂರ್ವದ್ದಕ್ಕೆ ‘ಸಂತಾಶ್’ ಎಂದು ಹೆಸರು. ಗಾಳಿ ಎದ್ದ ಮರುದಿನ ನೀರು ದಿಢೀರನೆ ತಣ್ಣಗಿದ್ದರೆ ಅಚ್ಚರಿ ಬೇಡ: ಮೇಲಿನ ಬೆಚ್ಚನೆಯ ಪದರ ಒಳಕ್ಕೆ ತಳ್ಳಿಹೋಗಿ ಕೆಳಗಿನ ತಣ್ಣೀರು ದಡಕ್ಕೆ ಬಂದಿರುತ್ತದೆ. ಹಳೆಯ ಕಾಂಕ್ರೀಟ್ ಕಟ್ಟೆಗಳ ಮೇಲಿಂದ ನೀರಿಗೆ ಹಾರಬೇಡಿ. ಕೆಳಗೆ ಮುರಿದ ತುಂಡು, ಹೊರಚಾಚಿದ ಕಬ್ಬಿಣದ ಸರಳು ಇರಬಹುದು.

ಹೊರಡುವ ದಿನ ಲೆಕ್ಕ ಮುಗಿಯುವ ಹೊತ್ತು ಸಾಮಾನ್ಯವಾಗಿ ಮಧ್ಯಾಹ್ನ 12. ಬಂದ ದಿನ ನಿಮ್ಮ ಲೆಕ್ಕ ಯಾವ ಊಟದಿಂದ ಶುರುವಾಯಿತು ಎಂಬುದನ್ನು ನೆನಪಿಟ್ಟುಕೊಳ್ಳಿ. ರಾತ್ರಿ ಊಟದಿಂದ ಶುರುವಾಗಿದ್ದರೆ ಕೊನೆಯ ದಿನದ ಮಧ್ಯಾಹ್ನದ ಊಟವೂ ನಿಮ್ಮದೇ, ಬೇಗ ಹೊರಡುವುದಾದರೆ ಹಿಂದಿನ ಸಂಜೆ ಹೇಳಿ ಬುತ್ತಿ ಕಟ್ಟಿಸಿಕೊಳ್ಳಬಹುದು. ಮಹಡಿಯ ಮೇಲ್ವಿಚಾರಕಿ ಬಂದು ಟವೆಲ್, ಲೋಟ, ಟಿವಿ ರಿಮೋಟ್ ಎಣಿಸಿದ ಮೇಲೆಯೇ ಕೆಳಗೆ ಕೀಲಿಕೈ ತೆಗೆದುಕೊಳ್ಳುತ್ತಾರೆ, ಆದ್ದರಿಂದ ಅರ್ಧ ಗಂಟೆ ಮೊದಲೇ ಅವರಿಗೆ ತಿಳಿಸಿ. ಒಡೆದ ಲೋಟ, ಬಿರಿದ ಕನ್ನಡಿ ನೀವು ಬಂದಾಗಲೇ ಇದ್ದರೆ ಮೊದಲ ದಿನವೇ ಅವರಿಗೆ ತೋರಿಸಿ ಫೋಟೊ ತೆಗೆದಿಟ್ಟಿರಬೇಕು. ಆಮೇಲೆ ತೋಪಿನ ದಾರಿಯಲ್ಲಿ ಹೆದ್ದಾರಿಯವರೆಗೆ ನಡೆದು, ಬಿಷ್ಕೆಕ್ ಎಂಬ ಫಲಕವಿರುವ ಮಾರ್ಶ್ರುತ್ಕಕ್ಕೆ ಕೈಯೊಡ್ಡಿದರೆ ಸಾಕು. ಆಗಸ್ಟಿನ ಭಾನುವಾರ ಮಧ್ಯಾಹ್ನ ಮಾತ್ರ ಅವೆಲ್ಲ ತುಂಬಿಯೇ ಬರುತ್ತವೆ, ಆ ದಿನ ಚೋಲ್ಪಾನ್ ಅತಾದ ನಿಲ್ದಾಣಕ್ಕೇ ಹೋಗಿ ಹತ್ತಿ.